ಮಾತ್ರೆಗಳಿಗೆ ನಾನು ಕೊಟ್ಟ ಟೈಮಿಂಗ್

ಹತ್ತನೇ ಕ್ಲಾಸಿನಲ್ಲಿ ನಾನು ಫೇಲಾದದ್ದು ಕಾಪು ಪೇಟೆಗೆಲ್ಲ ಗೊತ್ತಿರುವ ವಿಷಯ. ಅದನ್ನು ನಾನು ಎಂದೂ ಮುಚ್ಚಿಟ್ಟವನಲ್ಲ. ಆದರೆ ಇಷ್ಟು ಪ್ರಾಯವಾದ ಮೇಲೆ, ಯಾವ ಪರೀಕ್ಷೆಗೂ ಅರ್ಜಿ ಹಾಕದೆ, ನನ್ನ ಪಾಡಿಗೆ ಜಗಲಿಯಲ್ಲಿ ಕೂತಿದ್ದವನನ್ನು ಮಣಿಪಾಲಕ್ಕೆ ಎಳೆದುಕೊಂಡು ಹೋಗಿ, ಎದೆಗೆ ತಣ್ಣನೆಯ ಜೆಲ್ ಸವರಿ, ಹೃದಯವನ್ನು ಟಿ.ವಿ.ಯಲ್ಲಿ ನೋಡಿ, ಕೊನೆಗೆ "ಹಾರ್ಟ್ ಫೇಲ್ಯೂರ್" ಎಂದರೆ ಯಾರಿಗೆ ತಾನೇ ಬೇಸರವಾಗುವುದಿಲ್ಲ ಹೇಳಿ?

"ಹೆದರಬೇಡಿ, ಹೃದಯ ನಿಂತಿಲ್ಲ. ಪಂಪ್ ಮಾಡುವ ಶಕ್ತಿ ಕಡಿಮೆಯಾಗಿದೆ ಅಷ್ಟೆ" ಎಂದರು ಡಾಕ್ಟರ್ ಶಾರ್ಲೆಟ್. (ಹತ್ತನೇ ಕ್ಲಾಸಿನ ಮಾಸ್ಟ್ರೂ ನನ್ನ ತಲೆಯ ಬಗ್ಗೆ ಅಪ್ಪನಿಗೆ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದರು.)

ನನ್ನ ಹೆಸರು ವಿಠಲ. ಏಜೆಂಟ್ ವಿಠಲ ಎಂದರೇ ಜನಕ್ಕೆ ಗೊತ್ತಾಗುವುದು. ಏಜೆಂಟ್ ಎಂದ ಕೂಡಲೇ ಇನ್ಶೂರೆನ್ಸ್ ಎಂದುಕೊಂಡು ಬಾಗಿಲು ಹಾಕಿಕೊಳ್ಳಬೇಡಿ. ನಾನು ಬಸ್ ಏಜೆಂಟ್. ಕಾಪು ಬಸ್ ಸ್ಟ್ಯಾಂಡಿನಲ್ಲಿ ನಿಂತು, ಊರುಗಳ ಹೆಸರು ಕೂಗಿ, ಜನರನ್ನು ಖಾಸಗಿ ಬಸ್ಸುಗಳಿಗೆ ಹತ್ತಿಸಿ, ಟೈಮ್ ಆದ ಕೂಡಲೇ ಬಸ್ಸಿನ ಬೆನ್ನಿಗೆ ಬಡಿದು ಕಳಿಸುವ ಮಹತ್ಕಾರ್ಯವನ್ನು ಪ್ರಾಯದ ಕಾಲವಿಡೀ ಮಾಡಿದವನು. "ಪಾಂಗಾಳ ಕಟಪಾಡಿ ಉದ್ಯಾವರ ಬಲಾಯಿಪಾದೆ ಕಿನ್ನಿಮುಲ್ಕಿ ಉಡುಪಿ ಕಲ್ಸಂಕ ಕಡಿಯಾಳಿ ಇಂದ್ರಾಳಿ ಮಣಿಪಾಽಽಲ್!" ಇಷ್ಟನ್ನೂ ಒಂದೇ ಉಸಿರಿನಲ್ಲಿ ಕೂಗುವ ಏಜೆಂಟ್ ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ. ಬೇರೆಯವರೆಲ್ಲ ಉಡುಪಿಯಲ್ಲಿ ಇಳಿದು ಉಸಿರು ಬದಲಾಯಿಸುತ್ತಾರೆ. ನನ್ನದು ನೇರ ಎಕ್ಸ್‌ಪ್ರೆಸ್.

ಕೂಗುವುದಕ್ಕಿಂತ ದೊಡ್ಡ ವಿದ್ಯೆ ಟೈಮಿಂಗ್. ನಮ್ಮ ಕಡೆ ಒಂದೇ ರೂಟಿನಲ್ಲಿ ಒಂದರ ಹಿಂದೆ ಒಂದು ಬಸ್ಸು ಓಡುತ್ತದೆ. ಮುಂದಿನದ್ದು ಸ್ವಲ್ಪ ತಡ ಮಾಡಿದರೆ, ಹಿಂದಿನದ್ದರ ಜನ ಅದಕ್ಕೆ ಹತ್ತಿಬಿಡುತ್ತಾರೆ. ಆಮೇಲೆ ಎರಡು ಬಸ್ಸಿನ ಡ್ರೈವರುಗಳು ರಸ್ತೆ ಮಧ್ಯೆ ಇಳಿದು ಪರಸ್ಪರರ ವಂಶವೃಕ್ಷವನ್ನು ಸವಿಸ್ತಾರವಾಗಿ ವರ್ಣಿಸುತ್ತಾರೆ. ಎಂಥ ಹಾವು ಮುಂಗುಸಿ ಬಸ್ಸುಗಳಾದರೂ ಸರಿ, ನಡುವೆ ಸರಿಯಾದ ಅಂತರ ಕೊಟ್ಟುಬಿಟ್ಟರೆ ಜಗಳವೇ ಇಲ್ಲ. ಇದು ನಾನು ಕಾಪು ಸ್ಟ್ಯಾಂಡಿನಲ್ಲಿ ಕಂಡುಕೊಂಡ ಸತ್ಯ. ಈ ಸತ್ಯವೇ ಮುಂದೆ ನನ್ನನ್ನು ಮುಳುಗಿಸಿತು.

ನನ್ನ ಕಾಯಿಲೆ ಗೊತ್ತಾದದ್ದೂ ಕೂಗಿನಿಂದಲೇ. ಒಂದು ದಿನ ಬಸ್ಸು ಬಂದು ನಿಂತಿದೆ, ನಾನು ಶುರು ಮಾಡಿದ್ದೇನೆ, ಉಸಿರು ಕಿನ್ನಿಮುಲ್ಕಿಯಲ್ಲಿ ನಿಂತುಹೋಯಿತು. ಪ್ರಾಯವಾಯಿತಲ್ಲ ಎಂದುಕೊಂಡೆ. ಕೆಲವು ದಿನಗಳಲ್ಲಿ ಉದ್ಯಾವರದ ಸೇತುವೆ ದಾಟುವುದೇ ಕಷ್ಟವಾಯಿತು. ಕೊನೆಗೆ "ಪಾಂಗಾಳ" ಎಂದವನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟೆ. ಕಾಲು ಬಾತುಕೊಂಡು ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಮಲಗಿದರೆ ಯಾರೋ ಎದೆಯ ಮೇಲೆ ಅಕ್ಕಿಮುಡಿ ಇಟ್ಟ ಹಾಗೆ. ನನ್ನ ಹೆಂಡತಿ ಬೇಬಿ ಅದೇ ದಿನ ನನ್ನನ್ನು ಮಣಿಪಾಲದ ಬಸ್ಸಿಗೆ ಹತ್ತಿಸಿದಳು.

ಡಾಕ್ಟರ್ ಶಾರ್ಲೆಟ್ ಕಟಪಾಡಿಯವರು. ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ನಮ್ಮದೇ ಬಸ್ಸುಗಳಲ್ಲಿ ಬಾಗಿಲ ಹತ್ತಿರ ನೇತಾಡಿದವರು. ಆದ್ದರಿಂದ ನನ್ನನ್ನು ಕಂಡರೆ ಗೌರವ. ಆದರೆ ಅವರು ಮಾತಾಡುವಾಗ ನೋಡುತ್ತಿದ್ದದ್ದು ಬೇಬಿಯನ್ನು. ಯಾರಿಗೆ ಹೇಳಿದರೆ ಕೆಲಸವಾಗುತ್ತದೆ ಎಂಬುದನ್ನು ಹೆಂಗಸರು ಅದು ಹೇಗೋ ಕೂಡಲೇ ಕಂಡುಹಿಡಿಯುತ್ತಾರೆ.

"ಉಪ್ಪು ತುಂಬಾ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಬೇಡವೇ ಬೇಡ. ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಿ" ಎಂದರು ಡಾಕ್ಟರು. "ಮತ್ತೆ, ಈ ಮಾತ್ರೆಗಳ ಮಧ್ಯೆ ಬೇರೆ ಯಾವುದನ್ನೂ ಕೇಳದೆ ತರಬೇಡಿ. ಗ್ಯಾಸ್ಟ್ರಿಕ್ಕಿಗೆ ಬುಸ್ ಅಂತ ನೊರೆ ಬರುವ ಪುಡಿ ಕುಡಿತಾರಲ್ಲ, ಅದರಲ್ಲಿ ಸೋಡಿಯಂ ಉಂಟು, ಬೇಡ. ಶೀತದ ಮಾತ್ರೆ ಕೆಲವು ಬಿ.ಪಿ. ಏರಿಸ್ತವೆ. ಕೆಮ್ಮಿಗೆ ಅತಿಮಧುರದ ಕಷಾಯ ಮಾಡ್ತೀರಲ್ವಾ, ಅದೂ ಬೇಡ."

"ಬೊಂಡ ಕೊಡ್ಬಹುದಲ್ವಾ ಡಾಕ್ಟ್ರೆ?" ಎಂದು ಬೇಬಿ ಎಳನೀರಿನ ಬಗ್ಗೆ ಕೇಳಿದಳು. "ನೋಡ್ಲಿಕ್ಕೆ ಬರುವವರೆಲ್ಲ ಬೊಂಡವೇ ಹಿಡ್ಕೊಂಡು ಬರುದು."

"ಬೊಂಡದಲ್ಲಿ ಪೊಟ್ಯಾಸಿಯಂ ಜಾಸ್ತಿ. ಇವರಿಗೆ ಕೊಟ್ಟ ಮಾತ್ರೆಗಳು ಅದನ್ನು ಮೈಯೊಳಗೇ ಹಿಡಿದಿಡ್ತವೆ. ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು. ಮುಖ್ಯವಾಗಿ ನೋವಿನ ಮಾತ್ರೆ! ಮಂಡಿ ನೋವು, ಸೊಂಟ ನೋವು ಅಂತ ಅಂಗಡಿಯಿಂದ ತಂದು ನುಂಗಬೇಡಿ. ಹೃದಯದ ಮಾತ್ರೆಗಳಿಗೂ ಅದಕ್ಕೂ ಆಗಿಬರುದಿಲ್ಲ. ನೋವಾದರೆ ನನಗೆ ಹೇಳಿ, ಬೇರೆ ಕೊಡ್ತೇನೆ."

ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೆ ಡಾಕ್ಟರ ನಿಷೇಧ ಇರಲಿಲ್ಲ.

ಅಂದಿನಿಂದ ಕಾಪು ಪಕ್ಕದ ಇನ್ನಂಜೆಯ ನಮ್ಮ ಮನೆಯಲ್ಲಿ ಬೇಬಿಯ ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂತು. ಉಪ್ಪಿನ ಭರಣಿ ಕಾಣೆಯಾಯಿತು. ಮಾವಿನ ಮಿಡಿ ಉಪ್ಪಿನಕಾಯಿ ನೆರೆಮನೆಗೆ ಗಡಿಪಾರಾಯಿತು. ಗಂಜಿಯ ಜೊತೆ ಕಚ್ಚಿಕೊಳ್ಳಲು ನನಗೆ ಉಳಿದದ್ದು ನನ್ನ ತುಟಿ ಮಾತ್ರ. ಎದುರು ಮಾತಾಡಿದರೆ "ಡಾಕ್ಟ್ರಿಗೆ ಫೋನ್ ಮಾಡ್ಬೇಕಾ?" ಎನ್ನುತ್ತಿದ್ದಳು. (ನಾವು ಮನೆಯಲ್ಲಿ ಮಾತಾಡುವುದು ತುಳು. ನಿಮಗೋಸ್ಕರ ಕನ್ನಡಕ್ಕೆ ಇಳಿಸಿದ್ದೇನೆ. ತುಳುವಿನಲ್ಲಿ ಅವಳ ಬೈಗುಳಕ್ಕೆ ಇನ್ನೂ ಒಳ್ಳೆಯ ಉಪ್ಪು ಖಾರ ಉಂಟು. ಮನೆಯಲ್ಲಿ ಉಪ್ಪು ಇದ್ದದ್ದು ಅದರಲ್ಲಿ ಮಾತ್ರ.)

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಮಾತ್ರೆಗಳು ಕೆಲಸ ಮಾಡಿದವು. ನೀರಿನ ಮಾತ್ರೆ ಎಂದು ಒಂದು ಕೊಟ್ಟಿದ್ದರು. ಅದನ್ನು ನುಂಗಿದರೆ ಬೆಳಗಿಡೀ ಬಚ್ಚಲಿಗೂ ಜಗಲಿಗೂ ನನ್ನದು ಶಟಲ್ ಸರ್ವೀಸ್. ಕಾಲಿನ ಬಾವು ಇಳಿಯಿತು. ದಿನಾ ಹಿತ್ತಲಿನಲ್ಲಿ ನಿಂತು ಮೆಲ್ಲಗೆ ಕೂಗಿ ನೋಡುತ್ತಿದ್ದೆ. ಉಸಿರು ಕಟಪಾಡಿ ದಾಟಿತು, ಉದ್ಯಾವರ ದಾಟಿತು, ಉಡುಪಿ ಮುಟ್ಟಿತು. ಒಂದು ಬೆಳಿಗ್ಗೆ ಕಡಿಯಾಳಿಯವರೆಗೆ ಹೋದಾಗ ಸಂತೋಷ ತಡೆಯಲಾರದೆ ಸ್ವಲ್ಪ ಗಟ್ಟಿಯಾಗಿಯೇ ಕೂಗಿಬಿಟ್ಟೆ. ಪಕ್ಕದ ಬಾಡಿಗೆ ಕೋಣೆಯಿಂದ ಗಾರೆ ಕೆಲಸದ ರೇವಪ್ಪ ಬುತ್ತಿ ಹಿಡಿದುಕೊಂಡು, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿಬಂದ. ಅವನ ಹಿಂದೆ ಹೆಂಡತಿ ಹುಲಿಗೆವ್ವ.

"ಯಜಮಾನ್ರ, ಬಸ್ ಎಲ್ಲೈತ್ರಿ?"

"ಬಸ್ಸಿಲ್ಲ ಮಾರಾಯ. ನಾನು ಉಸಿರು ನೋಡಿದ್ದು."

"ಏನ್ ಉಸುರ್ರಿ ನಿಮ್ದು!" ಎಂದು ಹುಲಿಗೆವ್ವ ಸೆರಗಿನಲ್ಲಿ ಬೆವರೊರೆಸಿಕೊಂಡಳು. "ಬಸ್ ತಪ್ತು ಅಂತ ಒಲಿ ಮ್ಯಾಲಿನ ರೊಟ್ಟಿ ಅಲ್ಲೇ ಬಿಟ್ಟು ಓಡಿ ಬಂದೇನ್ರಿ."

ಆ ಸುಟ್ಟ ರೊಟ್ಟಿ ನನ್ನ ಪಾಲಿಗೆ ಪದಕವಾಗಿತ್ತು.

ಅದೇ ವಾರ ಸಿರಿಲ್ ಮನೆಗೆ ಬಂದರು. ಸಿರಿಲ್ ನಮ್ಮ ರೂಟಿನ ಬಸ್ ಮಾಲಿಕರು. ಅವರ ಅಪ್ಪನ ಕಾಲದ ಮೊದಲ ಬಸ್ಸಿನಿಂದ ಹಿಡಿದು ಪ್ರತಿ ಹೊಸ ಬಸ್ಸಿನ ಮೊದಲ ಟ್ರಿಪ್ಪಿಗೆ ಜನ ಕರೆದವನು ನಾನು. ಕೆಲವರಿಗೆ ಕೈಗುಣ ಇರುತ್ತದಲ್ಲ, ಹಾಗೆ ನನ್ನದು ಬಾಯಿಗುಣ ಎಂದು ಅವರ ನಂಬಿಕೆ.

"ವಿಠಲಣ್ಣ, ಹೊಸ ಬಸ್ಸು ಬರ್ತಾ ಉಂಟು. ಅಪ್ಪನ ನೆನಪಿಗೆ 'ರೊಸಾರಿಯೊ' ಅಂತ ಹೆಸರಿಟ್ಟಿದ್ದೇನೆ. ಮೊದಲ ಟ್ರಿಪ್ಪು ನೀವೇ ಕೂಗ್ಬೇಕು" ಎಂದರು. ಆಮೇಲೆ ನನ್ನ ಕಾಲಿನ ಕಡೆ ನೋಡಿ, ತಗ್ಗಿದ ಸ್ವರದಲ್ಲಿ, "ಕೂಗ್ಲಿಕ್ಕೆ ಆಗ್ತದಲ್ವಾ?" ಎಂದರು.

ಆ ಕೊನೆಯ ಪ್ರಶ್ನೆ ನನ್ನ ಎದೆಗೆ ನಾಟಿತು. ಇಂದ್ರಾಳಿ, ಮಣಿಪಾಲ, ಇನ್ನು ಎರಡೇ ಸ್ಟಾಪು ಬಾಕಿ! ಕಾಪು ಸ್ಟ್ಯಾಂಡಿನಲ್ಲಿ ಎಲ್ಲರ ಎದುರು ಒಂದೇ ಉಸಿರಿನಲ್ಲಿ ಮಣಿಪಾಲ ಮುಟ್ಟಬೇಕು. ಮುಟ್ಟದಿದ್ದರೆ ಏಜೆಂಟ್ ವಿಠಲ ಮುಗಿದ ಎಂದು ಅರ್ಥ. ಆಮೇಲೆ ನಾನು ಜಗಲಿಯಲ್ಲಿ ಕೂತು ತೂಕ ನೋಡಿಕೊಳ್ಳುವ ಮುದುಕ, ಅಷ್ಟೆ.

"ಆಗ್ತದಾ ಅಂತ ಕೇಳುದಾ? ಬಸ್ಸು ತನ್ನಿ ನೀವು!" ಎಂದೆ.

ಉಸಿರು ಕೊಟ್ಟ ದೇವರು ಮಂಡಿ ಕಿತ್ತುಕೊಂಡ. ಇಷ್ಟು ವರ್ಷ ಸ್ಟ್ಯಾಂಡಿನಲ್ಲಿ ನಿಂತದ್ದರ ಪಿಂಚಣಿ ಎಂಬಂತೆ, ಮೊದಲೇ ಆಗಾಗ ನೋಯುತ್ತಿದ್ದ ಎರಡೂ ಮೊಣಕಾಲು ಈಗ ಪೂರ್ತಿ ಹಿಡಿದುಕೊಂಡವು. ನಿಂತು ಕೂಗಬೇಕಾದವನಿಗೆ ನಿಲ್ಲಲು ಆಗದಿದ್ದರೆ ಹೇಗೆ? ಬೇಬಿಗೆ ಹೇಳಿದರೆ ಡಾಕ್ಟರಿಗೆ ಹೇಳುತ್ತಾಳೆ. ಡಾಕ್ಟರು "ಕೂಗುವುದೇ ಬೇಡ, ವಿಶ್ರಾಂತಿ" ಎಂದುಬಿಟ್ಟರೆ? ನಾನು ಬಾಯಿ ಮುಚ್ಚಿಕೊಂಡೆ. ನನ್ನ ಜೀವನದಲ್ಲಿ ಬಾಯಿ ಮುಚ್ಚಿಕೊಂಡಾಗಲೆಲ್ಲ ಅನಾಹುತವಾಗಿದೆ.

ಇಂಥ ಹೊತ್ತಿನಲ್ಲಿ ಕಾರ್ಕಳದ ಕುಕ್ಕುಂದೂರಿನಿಂದ ನನ್ನ ಭಾವಮೈದುನ ಯೋಗೀಶ್ ಬಂದ. ಬೇಬಿಯ ತಮ್ಮ. ಮಸ್ಕತ್‌ನಲ್ಲಿ ಬಹಳ ಕಾಲ ದುಡಿದು ಬಂದವನು. ಗಲ್ಫಿನಿಂದ ಬಂದವರಿಗೆ ಸಕಲ ರೋಗಗಳ ಮದ್ದೂ ಗೊತ್ತಿರುತ್ತದೆ ಎಂದು ನಮ್ಮ ಕಡೆ ಒಂದು ನಂಬಿಕೆ. ಅವರಿಗಂತೂ ಅದರಲ್ಲಿ ಸಂಶಯವೇ ಇಲ್ಲ. ಒಂದು ಗೊನೆ ಬೊಂಡ, ಒಂದು ಪ್ಯಾಕೆಟ್ ಉಪ್ಪು ಹಿಡಿದುಕೊಂಡೇ ಒಳಗೆ ಬಂದ.

"ಅಕ್ಕ, ಇದು ಸೋಡಿಯಂ ಕಡಿಮೆ ಇರುವ ಉಪ್ಪು. ಹಾರ್ಟಿನವರಿಗೇ ಅಂತ ಮಾಡಿದ್ದು. ಧಾರಾಳ ಹಾಕು."

ನನ್ನ ಬಾಯಲ್ಲಿ ನೀರೂರಿತು. ಬೇಬಿ ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ಕನ್ನಡಕ ಹಾಕಿಕೊಂಡು ಓದಿದಳು. "ಸೋಡಿಯಂ ತೆಗ್ದು ಇದರಲ್ಲಿ ಪೊಟ್ಯಾಸಿಯಂ ತುಂಬಿಸಿದ್ದಾರೆ ಮಾರಾಯ. ಅದು ಇವರ ಮಾತ್ರೆಗೆ ಆಗುದಿಲ್ಲ. ಬೊಂಡವೂ ಆಗುದಿಲ್ಲ. ಎರಡನ್ನೂ ತಿರುಗಿ ತಕ್ಕೊಂಡು ಹೋಗು."

"ಬೊಂಡವೂ ಆಗುದಿಲ್ವಾ? ಅದು ದೇವರು ಕೊಟ್ಟ ನೀರು ಅಕ್ಕ!"

"ದೇವರು ಡೋಸು ಬರ್ದು ಕೊಡ್ಲಿಲ್ಲ."

ಅವಳು ಚಹಾ ಮಾಡಲು ಒಳಗೆ ಹೋದದ್ದೇ ತಡ, ನಾನು ಮಂಡಿ ಸವರಿಕೊಂಡೆ. ಯೋಗೀಶ್ ಅಷ್ಟಕ್ಕೇ ಅರ್ಥ ಮಾಡಿಕೊಂಡು ಅಂಗಿಯ ಕಿಸೆಯಿಂದ ಒಂದು ಸ್ಟ್ರಿಪ್ ತೆಗೆದ. ದಾಸವಾಳದಂಥ ಕೆಂಪು ಮಾತ್ರೆಗಳು.

"ಭಾವ, ಇದು ಮಸ್ಕತ್ತಿನ ಮಾಲು. ಒಂದು ನುಂಗಿ, ಮಂಡಿ ನಿಮ್ದೇ ಹೌದಾ ಅಂತ ನಿಮ್ಗೇ ಸಂಶಯ ಬರ್ಬೇಕು."

"ಹೃದಯದ ಮಾತ್ರೆಗೂ ಇದಕ್ಕೂ ಆಗಿಬರುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ ಯೋಗೀಶ."

"ಅದು ನಂಗೆ ಗೊತ್ತಿಲ್ಲಪ್ಪ. ನೀವೇ ನೋಡಿ" ಎಂದು ಅವನು ಕೈ ತೊಳೆದುಕೊಂಡ.

ನಾನೇ ನೋಡಿದೆ. ಆಗ ನನ್ನ ತಲೆಯಲ್ಲಿ ಮಹಾ ಬೆಳಕೊಂದು ಹೊತ್ತಿಕೊಂಡಿತು. ಆಗಿಬರುವುದಿಲ್ಲ, ಸರಿ. ಸಿರಿಲ್ ಬಸ್ಸಿಗೂ ಅದರ ಹಿಂದೆ ಬರುವ ಬಸ್ಸಿಗೂ ಆಗಿಬರುತ್ತದೆಯೆ? ಆದರೂ ಎರಡೂ ಒಂದೇ ರಸ್ತೆಯಲ್ಲಿ ಓಡುತ್ತಿಲ್ಲವೆ? ಯಾಕೆ ಡಿಕ್ಕಿ ಹೊಡೆಯುವುದಿಲ್ಲ? ಟೈಮಿಂಗ್! ಡಾಕ್ಟರಿಗೆ ಹೃದಯದ ವಿಷಯ ಗೊತ್ತಿರಬಹುದು, ಟೈಮಿಂಗಿನ ವಿಷಯ ಅವರಿಗೆ ಏನು ಗೊತ್ತು? ಬೆಳಿಗ್ಗೆ ತಿಂಡಿ ಆದ ಮೇಲೆ ಹೃದಯದ ಮಾತ್ರೆಗಳ ಟ್ರಿಪ್. ಅವು ಹೊಟ್ಟೆ ಬಿಟ್ಟು ರಕ್ತಕ್ಕೆ ಸೇರಿ ದೂರ ಹೋದ ಮೇಲೆ, ಮಧ್ಯಾಹ್ನದ ಖಾಲಿ ರೋಡಿನಲ್ಲಿ ಕೆಂಪು ಮಾತ್ರೆ. ಅದು ಮಂಡಿ ಮುಟ್ಟಿ ವಿಶ್ರಮಿಸುವ ಹೊತ್ತಿಗೆ ಸಂಜೆಯ ಟ್ರಿಪ್ಪಿನ ಹೃದಯದ ಮಾತ್ರೆಗಳು. ಎಲ್ಲೂ ಮುಖಾಮುಖಿಯೇ ಇಲ್ಲ. ಇಷ್ಟು ಸುಲಭದ ಉಪಾಯ ಅಷ್ಟು ದೊಡ್ಡ ಪುಸ್ತಕ ಓದಿದವರಿಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ಡಾಕ್ಟರ ಮೇಲೆ ಕನಿಕರವೇ ಬಂತು.

ಸ್ಟ್ರಿಪ್ಪನ್ನು ಬಾಗಿಲ ಹಿಂದೆ ನೇತಾಡುತ್ತಿದ್ದ ನನ್ನ ಹಳೆಯ ಚರ್ಮದ ಚೀಲದಲ್ಲಿ ಇಟ್ಟೆ. ಬೇಬಿ ಮಧ್ಯಾಹ್ನ ಪಾತ್ರೆ ತೊಳೆಯಲು ಕೂತ ಹೊತ್ತಿಗೆ ಸರಿಯಾಗಿ ಕೆಂಪು ಬಸ್ಸು ಬಿಡುತ್ತಿದ್ದೆ.

ಮಂಡಿ ಆಹಾ! ಅಡಿಗೆಮನೆಯಿಂದ ಜಗಲಿಗೆ ಹಾರಿಕೊಂಡು ಬರುತ್ತಿದ್ದೆ. ಸ್ಟ್ರಿಪ್ ಮುಗಿದಾಗ ಪೇಟೆಯ ಮೆಡಿಕಲ್‌ನಲ್ಲಿ ಖಾಲಿ ಸ್ಟ್ರಿಪ್ ತೋರಿಸಿ ಅಂಥದ್ದೇ ತಂದೆ. ಆದರೆ ಕೆಲವೇ ದಿನಗಳಲ್ಲಿ ಏನೋ ಎಡವಟ್ಟಾಗತೊಡಗಿತು. ನೀರಿನ ಮಾತ್ರೆ ನುಂಗಿದರೂ ಬಚ್ಚಲಿಗೆ ಹೋಗುವ ಟ್ರಿಪ್ಪುಗಳು ಒಂದೊಂದೇ ಕ್ಯಾನ್ಸಲ್ ಆದವು. ಹಿತ್ತಲಿನಲ್ಲಿ ಕೂಗಿದರೆ ಉಸಿರು ಕಡಿಯಾಳಿಯಿಂದ ಉಡುಪಿಗೆ ಇಳಿಯಿತು, ಅಲ್ಲಿಂದ ಉದ್ಯಾವರಕ್ಕೆ. ತೂಕದ ಮೆಷಿನ್ನಿನ ಮುಳ್ಳು ದಿನಾ ಮುಂದೆ ಸರಿಯಿತು. ನಾನು ಮೆಷಿನ್ನೇ ಹಾಳು ಎಂದೆ. ಬೇಬಿ ಅದರ ಮೇಲೆ ತಾನು ನಿಂತು ನೋಡಿದಳು. ಅವಳ ತೂಕ ಇಳಿದಿತ್ತು! "ನೋಡು, ಹಾಳು ಅಂತ ನಾನು ಹೇಳ್ಲಿಲ್ವಾ?" ಎಂದೆ ಜಯಭೇರಿ ಬಾರಿಸಿ.

ಅವಳು ಬಗ್ಗಿ ನನ್ನ ಕಾಲನ್ನು ಬೆರಳಿನಿಂದ ಒತ್ತಿದಳು. ಕುಳಿ ಬಿತ್ತು. ಬಿದ್ದ ಕುಳಿ ಹಾಗೆಯೇ ಇತ್ತು.

"ಹೊರಡಿ" ಎಂದಳು.

ಮಣಿಪಾಲದಲ್ಲಿ ಡಾಕ್ಟರ್ ಶಾರ್ಲೆಟ್ ಸ್ಟೆಥಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಅವರ ಮುಖ ಗಂಭೀರವಾದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. "ಮತ್ತೆ ನೀರು ತುಂಬಿದೆ. ಇಷ್ಟು ಚೆನ್ನಾಗಿ ಇಳಿದದ್ದು ಹೇಗೆ ಏರಿತು? ಉಪ್ಪು ಜಾಸ್ತಿಯಾಯಿತಾ?"

ಹೆದರಿದ ಗಂಡಸು ಮೊದಲು ಮಾಡುವ ಕೆಲಸವನ್ನು ನಾನೂ ಮಾಡಿದೆ. ಹೆಂಡತಿಯ ಕಡೆ ಕೈ ತೋರಿಸಿದೆ.

"ಅದನ್ನು ಇವಳ ಹತ್ರ ಕೇಳಿ ಡಾಕ್ಟ್ರೆ. ಅಡಿಗೆಮನೆ ಅವಳ ಕೈಯಲ್ಲಿ ಉಂಟು. ನನಗೆ ಮೊದಲೇ ಸಂಶಯ. ಮೊನ್ನೆ ಸೌತೆಕಾಯಿ ಪದಾರ್ಥ ಭಾರೀ ರುಚಿಯಾಗಿತ್ತು. ಉಪ್ಪು ಹಾಕದೆ ಸೌತೆಕಾಯಿ ರುಚಿಯಾಗ್ಲಿಕ್ಕೆ ಸಾಧ್ಯ ಉಂಟಾ?"

ಬೇಬಿ ನನ್ನನ್ನು ನೋಡಿದಳು. ಬಾಯಿ ತೆರೆದಳು. ಏನೂ ಹೇಳದೆ ಮುಚ್ಚಿದಳು. ಮದುವೆಯಾದಂದಿನಿಂದ ಇಂಥದ್ದು ನಾನು ಕಂಡಿರಲಿಲ್ಲ. ಗೆದ್ದೆ ಎಂದುಕೊಂಡೆ.

ಡಾಕ್ಟರು ಅವಳಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು. "ವಿಠಲಣ್ಣ, ನೀವು ಒಳಗೆ ಬರುವಾಗ ನೋಡಿದೆ. ಹೋದ ಸಲ ಮಂಡಿ ಹಿಡ್ಕೊಂಡು ನಡೀತಿದ್ರಿ. ಈ ಸಲ ಕಾಲು ಬಾತಿದ್ದರೂ ಸಲೀಸಾಗಿ ನಡೆದ್ರಿ. ಮಂಡಿಗೆ ಎಂತ ಮಾಡಿದ್ರಿ?"

ಅಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ನನ್ನ ವಿದ್ಯೆಯನ್ನು ಪ್ರದರ್ಶಿಸಲು ಇಷ್ಟು ಒಳ್ಳೆಯ ವೇದಿಕೆ ಮತ್ತೆ ಸಿಗುತ್ತದೆಯೆ? ಒಬ್ಬ ಡಾಕ್ಟರಿಗೇ ನಾಲ್ಕು ಮಾತು ಕಲಿಸುವ ಅವಕಾಶ! ಮಾತ್ರೆಗಳ ಟೈಮಿಂಗ್ ಸಿದ್ಧಾಂತವನ್ನು, ಬೆಳಗಿನ ಟ್ರಿಪ್, ಮಧ್ಯಾಹ್ನದ ಖಾಲಿ ರೋಡು, ಕೆಂಪು ಬಸ್ಸು ಸಮೇತ, ಕೈ ಬೀಸಿ ವಿವರಿಸಿದೆ. "ಒಂದಕ್ಕೊಂದು ಮುಖ ನೋಡ್ಲಿಕ್ಕೇ ಬಿಡ್ಲಿಲ್ಲ ಡಾಕ್ಟ್ರೆ" ಎಂದು ಮುಗಿಸಿದೆ.

ಡಾಕ್ಟರು ಪೆನ್ನನ್ನು ಮೇಜಿನ ಮೇಲೆ ಇಟ್ಟರು.

"ವಿಠಲಣ್ಣ," ಎಂದರು ಡಾಕ್ಟರು ನಿಧಾನವಾಗಿ, "ಬಂದ್ ದಿನ ನೀವು ಸ್ಟ್ಯಾಂಡಿಗೆ ಹೋಗ್ತಿದ್ರಾ?"

"ಇಲ್ಲ. ಬಸ್ಸೇ ಇರುದಿಲ್ವಲ್ಲ."

"ಬೆಳಿಗ್ಗೆ ಇಲ್ಲದ ಬಸ್ಸು ಸ್ವಲ್ಪ ಅಂತರ ಬಿಟ್ಟು ಮಧ್ಯಾಹ್ನ ಹೋದರೆ ಸಿಗ್ತದಾ?"

"ಅದೆಂತ ಮಾತು ಡಾಕ್ಟ್ರೆ? ಬಂದ್ ಅಂದರೆ ಇಡೀ ದಿನ ಬಂದ್."

"ನಿಮ್ಮ ಕೆಂಪು ಮಾತ್ರೆ ಮಾಡುದು ಅದೇ. ಅದು ಹೊಟ್ಟೆಯಲ್ಲಿ ಬೇರೆ ಮಾತ್ರೆಗೆ ಡಿಕ್ಕಿ ಹೊಡೆಯುದಲ್ಲ. ನೇರ ಕಿಡ್ನಿಗೆ ಹೋಗಿ ರಸ್ತೆ ತಡೆ ಮಾಡ್ತದೆ. ಉಪ್ಪು, ನೀರು ಯಾವುದನ್ನೂ ಹೊರಗೆ ಬಿಡುದಿಲ್ಲ. ನೀರಿನ ಮಾತ್ರೆ ಎಷ್ಟು ಹಾರ್ನ್ ಹಾಕಿದರೂ ಎಂತ ಪ್ರಯೋಜನ? ಹೀಗೇ ತಕ್ಕೊಳ್ತಾ ಇದ್ದಿದ್ದರೆ ಕಿಡ್ನಿಯೂ ಹೋಗ್ತಿತ್ತು, ಉಸಿರು ಪೂರ್ತಿ ಕಟ್ತಿತ್ತು. ಮಂಡಿಗೆ ನಾನು ಬೇರೆ ಮಾತ್ರೆ ಬರೆದು ಕೊಡ್ತಿದ್ದೆ. ಒಂದು ಫೋನ್ ಸಾಕಿತ್ತು."

ನನಗೆ ಅರ್ಥವಾಯಿತು. ನನ್ನದೇ ಭಾಷೆಯಲ್ಲಿ ಬೈದರೆ ಅರ್ಥವಾಗದೆ ಇರುತ್ತದೆಯೆ? ಬೇಬಿಯ ಕಡೆ ನೋಡುವ ಧೈರ್ಯವಾಗಲಿಲ್ಲ.

ರಕ್ತ ಪರೀಕ್ಷೆಗೆ ಕೊಟ್ಟು, ವಾರ್ಡಿನಲ್ಲಿ ಬೆಡ್ ಸಿಗುವ ತನಕ ಕ್ಯಾಂಟೀನಿನಲ್ಲಿ ಕೂರಲು ಹೇಳಿದರು. ಬೇಬಿ ನನಗೆ ಒಂದು ಇಡ್ಲಿ ತರಿಸಿದಳು, ಸಾಂಬಾರ್ ಇಲ್ಲ, ಚಟ್ನಿ ಇಲ್ಲ. ತನಗೆ ಒಂದು ಪ್ಲೇಟ್ ಗೋಳಿಬಜೆ. ಒಂದನ್ನು ಮುರಿದು ಚಟ್ನಿಗೆ ಅದ್ದಿ ಬಾಯಿಗಿಟ್ಟವಳು ಕಣ್ಣು ಮುಚ್ಚಿಕೊಂಡಳು.

"ಎಂತ ಆಯ್ತು?" ಎಂದು ಗಾಬರಿಯಿಂದ ಕೇಳಿದೆ.

"ಉಪ್ಪುಂಟು."

"ಗೋಳಿಬಜೆಯಲ್ಲಿ ಉಪ್ಪು ಇರುದೇ ಅಲ್ವಾ?"

"ಇರ್ತದೆ. ನನಗೆ ಮರ್ತೇ ಹೋಗಿತ್ತು" ಎಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ನಿಮ್ಗೆ ಡಾಕ್ಟ್ರು ಬೇಡ ಅಂದ ದಿನದಿಂದ ನಾನು ಸಹ ತಿನ್ಲಿಲ್ಲ. ನಿಮ್ಮೆದುರು ಕೂತು ಉಪ್ಪು ಹಾಕ್ಕೊಂಡು ಉಣ್ಣುದು ಹೇಗೆ? ಮೊನ್ನೆ ಸೌತೆಕಾಯಿಗೆ ಲಿಂಬೆಹುಳಿ ಹಿಂಡಿ, ಬೆಳ್ಳುಳ್ಳಿ ಜಾಸ್ತಿ ಒಗ್ಗರಣೆ ಹಾಕಿದ್ದೆ. ನಿಮ್ಗೆ ಬಾಯಿ ಸಪ್ಪೆ ಆಗಿದೆ ಅಂತ."

ಅವಳ ತೂಕ ಇಳಿದದ್ದು ಯಾಕೆ ಎಂದು ಆಗ ತಲೆಗೆ ಹೋಯಿತು. ಮೆಷಿನ್ ಸರಿಯಾಗಿಯೇ ಇತ್ತು. ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ಬಸ್ ಸ್ಟ್ಯಾಂಡಿನ ಗದ್ದಲವನ್ನು ಮೀರಿಸುವ ಗಂಟಲಿನಿಂದ "ತಪ್ಪಾಯ್ತು ಬೇಬಿ" ಎಂಬ ಎರಡು ಶಬ್ದ ಹೊರಡಿಸಲು ಪಟ್ಟ ಕಷ್ಟ ನನಗೇ ಗೊತ್ತು.

"ಕೇಳ್ಲಿಲ್ಲ" ಎಂದಳು.

"ತಪ್ಪಾಯ್ತು!" ಎಂದೆ, ಸ್ವಲ್ಪ ಗಟ್ಟಿಯಾಗಿ. ಪಕ್ಕದ ಮೇಜಿನವರು ತಿರುಗಿ ನೋಡಿದರು.

"ಹ್ಞಾಂ" ಎಂದು ಬೇಬಿ ಮಾಣಿಯನ್ನು ಕರೆದು ಇನ್ನೊಂದು ಪ್ಲೇಟ್ ಗೋಳಿಬಜೆ ತರಿಸಿ, ಅದನ್ನೂ ನನ್ನೆದುರೇ ತಿಂದು ಮುಗಿಸಿದಳು. ನಾನು ಸಪ್ಪೆ ಇಡ್ಲಿ ಜಗಿಯುತ್ತಾ ನೋಡಿದೆ. ಅದು ನ್ಯಾಯವಾದ ಶಿಕ್ಷೆ.

ವಾರ್ಡಿನಲ್ಲಿ ಮೈಯ ನೀರು ಇಳಿಸಿದರು. ಕೆಂಪು ಮಾತ್ರೆಗಳನ್ನು ಬೇಬಿ ಮನೆಯ ಚರ್ಮದ ಚೀಲದಿಂದ ಹುಡುಕಿ ತಂದು ತನ್ನ ಕೈಯಾರೆ ಡಾಕ್ಟರ ಮೇಜಿನ ಮೇಲೆ ಇಟ್ಟಳು, ಸೆರೆಸಿಕ್ಕ ಕಳ್ಳನನ್ನು ಸ್ಟೇಷನ್ನಿಗೆ ಒಪ್ಪಿಸುವ ಹಾಗೆ. ಹೊಸ ಬಸ್ಸಿನ ದಿನ ಹತ್ತಿರ ಬಂದಿತ್ತು. ಬಿಡುಗಡೆಯ ಹೊತ್ತಿಗೆ ನಾನು ಅಳುಕುತ್ತಾ ಕೇಳಿದೆ, "ಕೂಗ್ಬಹುದಾ ಡಾಕ್ಟ್ರೆ?"

"ಉಸಿರು ಎಲ್ಲಿ ಮುಗೀತದೋ ಅಲ್ಲಿ ನಿಲ್ಲಿಸ್ಬೇಕು. ಎಳೀಲಿಕ್ಕೆ ಇಲ್ಲ. ಬೇಬಿಯಕ್ಕ ಹತ್ತಿರವೇ ನಿಂತಿರ್ಬೇಕು" ಎಂದರು.

ಆ ದಿನ ಕಾಪು ಸ್ಟ್ಯಾಂಡಿನಲ್ಲಿ 'ರೊಸಾರಿಯೊ' ಮದುಮಗನಂತೆ ಮಾಲೆ ಹಾಕಿಕೊಂಡು ನಿಂತಿತ್ತು. ಚರ್ಚಿನ ಫಾದರ್ ಬಂದು ತೀರ್ಥ ಚಿಮುಕಿಸಿದರು. ಮಾರಿಗುಡಿಯ ಪ್ರಸಾದ ಬಂತು. ಡ್ರೈವರ್ ಚಕ್ರಗಳ ಕೆಳಗೆ ಲಿಂಬೆಹಣ್ಣು ಇಟ್ಟ. ಹಳೆಯ ಕಂಡಕ್ಟರುಗಳು, ರಿಕ್ಷಾದವರು, ಹೂವಿನವರು ಎಲ್ಲರೂ ಸೇರಿದ್ದರು. ಯೋಗೀಶ್ ಕೂಡ ಬಂದಿದ್ದ, ಅಕ್ಕನ ಕಣ್ಣಿಗೆ ಬೀಳದ ಹಾಗೆ ಬಸ್ಸಿನ ಆಚೆ ಬದಿಯಲ್ಲಿ. ಸಿರಿಲ್ ನನಗೊಂದು ಕುರ್ಚಿ ಹಾಕಿಸಿದ್ದರು. ನಾನು ಕೂರಲಿಲ್ಲ. ಎದ್ದು ನಿಂತು, ಒಂದು ಕೈಯನ್ನು ಬಸ್ಸಿನ ಬಾಗಿಲಿಗೆ ಕೊಟ್ಟು, ಎದೆ ತುಂಬ ಉಸಿರೆಳೆದೆ.

"ಪಾಂಗಾಳ ಕಟಪಾಡಿ ಉದ್ಯಾವರ ಬಲಾಯಿಪಾದೆ..."

ಹಳೆಯ ಗಂಟಲು ಮರಳಿ ಬಂದಿತ್ತು.

"...ಕಿನ್ನಿಮುಲ್ಕಿ ಉಡುಪಿ ಕಲ್ಸಂಕ ಕಡಿಯಾಳಿ..."

ಅಲ್ಲಿ ಉಸಿರು ಮುಗಿಯಿತು. ಒಂದು ಚಿಟಿಕೆಯಷ್ಟೂ ಉಳಿದಿರಲಿಲ್ಲ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಎಳೆಯಬಾರದು ಎಂಬುದು ನೆನಪಿತ್ತು, ಆದರೂ ಎಳೆಯಲು ಹೊರಟೆ. ಅಷ್ಟರಲ್ಲಿ ಬೇಬಿಯ ಕೈ ನನ್ನ ತೋಳನ್ನು ಹಿಡಿಯಿತು. ನನ್ನ ಕಿವಿಯ ಪಕ್ಕದಿಂದಲೇ ಒಂದು ಸಿಡಿಲು ಹೊರಟಿತು.

"ಇಂದ್ರಾಳಿ ಮಣಿಪಾಽಽಽಲ್!"

ಬಸ್ಸಿನ ಗಾಜು ಗುಂಯ್ ಎಂದಿತು. ಹೂವಿನವಳ ಬುಟ್ಟಿಯ ಬಳಿ ಮಲಗಿದ್ದ ನಾಯಿ ಎದ್ದು ಹೋಯಿತು. ಇಡೀ ಸ್ಟ್ಯಾಂಡ್ ಚಪ್ಪಾಳೆ ತಟ್ಟಿತು. ಸುಮ್ಮನೆ ನೋಡಲು ಬಂದವರೂ ಬಸ್ಸು ಹತ್ತಿದರು. ಮಂಗಳೂರಿಗೆ ಹೋಗಬೇಕಾದ ಒಬ್ಬ ಅಜ್ಜ ಹೆದರಿ ಹತ್ತಿದ್ದನ್ನು ನಾನೇ ಕಣ್ಣಾರೆ ಕಂಡೆ. ಬಸ್ಸು ಭರ್ತಿಯಾಗಿ ಹೊರಟಿತು.

"ಬೇಬಿಯಕ್ಕ! ಇಷ್ಟು ವರ್ಷ ನೀವೆಲ್ಲಿದ್ರಿ?" ಎಂದರು ಸಿರಿಲ್. ನನಗೆಂದು ತಂದಿದ್ದ ಶಾಲನ್ನು ಬಿಡಿಸಿ ಅವಳ ಹೆಗಲಿಗೆ ಹೊದಿಸಿದರು. "ಮುಂದಿನ ಬಸ್ಸಿಗೂ ನೀವೇ."

"ಇವರ ಕೂಗಿಗೆ ಕಿವಿ ಕೊಟ್ಟು ಕಿವಿ ಕೊಟ್ಟು ಬಂದದ್ದು" ಎಂದು ಬೇಬಿ ನಾಚಿಕೊಂಡಳು. ಕುರ್ಚಿಯಲ್ಲಿ ಕೂತು ನಾನೂ ಚಪ್ಪಾಳೆ ತಟ್ಟಿದೆ. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು. ಆದರೆ ಅವಳ ಕೈ ಇನ್ನೂ ನನ್ನ ತೋಳಿನ ಮೇಲೆಯೇ ಇತ್ತು.

ಕತೆ ಅಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಅಷ್ಟಿಷ್ಟು ಉಳಿಯುತ್ತಿತ್ತು. ಆದರೆ ತನ್ನ ಗಂಟಲಿನ ಬೆಲೆ ತಿಳಿದ ಮೇಲೆ ಬೇಬಿ ಅದನ್ನು ಸುಮ್ಮನೆ ಇಡುವವಳಲ್ಲ. ಈಗ ಬೆಳಿಗ್ಗೆ ನಾನು ಹಿತ್ತಲಿನಲ್ಲಿದ್ದರೂ ಸರಿ, ಗದ್ದೆಯ ಬದುವಿನಲ್ಲಿದ್ದರೂ ಸರಿ, ಮೆಟ್ಟಿಲಲ್ಲಿ ನಿಂತು ಒಂದೇ ಉಸಿರಿನಲ್ಲಿ ಕೂಗುತ್ತಾಳೆ: "ತೂಕ ತಿಂಡಿ ಬಿಳಿಮಾತ್ರೆ ಹಳದಿಮಾತ್ರೆ ಅರ್ಧಮಾತ್ರೆ ನೀರಿನ ಮಾಽಽತ್ರೆ!"

ಮೊನ್ನೆ ಬೇಲಿಯ ಆಚೆಯಿಂದ ಹುಲಿಗೆವ್ವ ಗಂಡನನ್ನು ಗದರುವುದು ಕೇಳಿಸಿತು. "ಏಳ್ರೀ, ಹೊತ್ತಾತು! ಅಕ್ಕಾರು ಆಗ್ಲೇ ನೀರಿನ ಗುಳಗಿ ಕೂಗ್ಯಾರ. ಯಜಮಾನ್ರು ಎರಡನೇ ಸಲ ಬಚ್ಚಲಕ್ಕ ಹೋಗೋದ್ರಾಗ ನಿಮ್ ಬಸ್ ಬರ್ತೈತಿ."

ರೇವಪ್ಪ ಬುತ್ತಿ ಹಿಡಿದುಕೊಂಡು ಓಡಿದ. ನಾನೂ ಓಡಿದೆ.